ಗೇಟಿನಲ್ಲಿ ಬಿಚ್ಚಿಸಿದ ಉಡಿ

ಮೊಮ್ಮಗಳು ಜಲನಗರದ ತನ್ನ ಆಫೀಸಿನಿಂದ ಒಂದು ಕಾಗದದ ಕಟ್ಟು ತಂದು ನನ್ನ ಮುಂದಿಟ್ಟು, "ಅಜ್ಜಾ, ಇದರ ಕನ್ನಡ ಒಂಚೂರು ತಿದ್ದಿಕೊಡು" ಅಂದಳು. ಕಾರಖಾನೆ ನಡೆಸುವವರಿಗಾಗಿ ಆಕೆ ಬರೆಯುತ್ತಿರುವ ಕೈಪಿಡಿ ಅದು. ಕೆಲಸದವರು ತಡವಾಗಿ ಬಂದರೆ ಏನು ಮಾಡಬೇಕು, ಇಬ್ಬರು ಜಗಳಾಡಿದರೆ ಯಾರ ಮಾತು ಮೊದಲು ಕೇಳಬೇಕು, ಇಂಥವು. ಮುದುಕನ ಕೈಗೆ ಕೆಂಪು ಪೆನ್ನು ಸಿಕ್ಕರೆ ಕೇಳಬೇಕೆ? ನೆಟ್ಟಗಿದ್ದ ವಾಕ್ಯವನ್ನೂ ಎರಡು ಸಲ ಕೆಡಿಸಿ ಸರಿಮಾಡುತ್ತ ಸುಖವಾಗಿ ಏಳನೆಯ ಪುಟಕ್ಕೆ ಬಂದೆ. ಅಲ್ಲಿ ಒಂದು ಸಾಲು: "ಅನುಮಾನ ಬಂದಾಗ ಮಾಡುವ ತಪಾಸಣೆ ಯಾರ ಮರ್ಯಾದೆಗೂ ಧಕ್ಕೆ ತರಬಾರದು." ತಿದ್ದಲು ಏನೂ ಇರಲಿಲ್ಲ. ಪೆನ್ನು ಅಲ್ಲೇ ನಿಂತಿತು.

ಅರವತ್ತರ ದಶಕದ ಮಾತು. ಸೊಲ್ಲಾಪುರ ರಸ್ತೆಯ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ನಾನು ಹೊಸ ಮ್ಯಾನೇಜರ. ಸುಗ್ಗಿಯಲ್ಲಿ ಟಿಕೋಟಾ, ಬಬಲೇಶ್ವರದ ಕಡೆಯ ಹೆಣ್ಣುಮಕ್ಕಳು ಬಂದು ಜಿನ್ನಿನ ಹಿಂದೆಯೇ ಗುಡಿಸಲು ಹಾಕಿಕೊಂಡು ಹತ್ತಿ ಆರಿಸುತ್ತಿದ್ದರು. ಅವರನ್ನೆಲ್ಲ ನಾನು ನಂಬರಿನಿಂದ ಗುರುತು ಹಿಡಿಯುತ್ತಿದ್ದೆ. ಅದು ಶಿಸ್ತು ಅಂತ ನನ್ನ ತಿಳಿವಳಿಕೆ. ಇಸ್ತ್ರಿ ಮಾಡಿದ ಪ್ಯಾಂಟು, ಜೇಬಿನಲ್ಲಿ ಸೀಟಿ. ಆಗ ನೀವು ನನ್ನನ್ನು ಕಂಡಿದ್ದರೆ ಹಿಂದಿನಿಂದ ನಕ್ಕಿರುತ್ತಿದ್ದಿರಿ, ಅವರು ನಗುತ್ತಿದ್ದ ಹಾಗೆ.

ಆ ವರ್ಷ ಮುಂಜಾನೆ ತೂಗಿ ಅಂಗಳದಲ್ಲಿ ಹರವಿದ ಹತ್ತಿ ಸಂಜೆಗೆ ಕಡಿಮೆ ತೂಗತೊಡಗಿತು. ಕಳ್ಳತನವೇ ಅಂದುಕೊಂಡೆ. ಯಾರನ್ನೂ ಕೇಳಲಿಲ್ಲ, ಕೇಳಿದರೆ ಮ್ಯಾನೇಜರಿಗೆ ಗೊತ್ತಿಲ್ಲ ಅಂತ ಆಗುತ್ತದಲ್ಲ? ಗೇಟಿಗೆ ಒಂದು ಕಾಗದ ಅಂಟಿಸಿದೆ. ಸಂಜೆ ಗುಡಿಸಲಿಗೆ ಹೋಗುವಾಗ ಪ್ರತಿಯೊಬ್ಬ ಹೆಣ್ಣುಮಗಳೂ ಗೇಟಿನಲ್ಲಿ ನಿಂತು, ಸೆರಗು ಕಟ್ಟಿ ಮಾಡಿಕೊಂಡ ಉಡಿಯನ್ನು ಬಿಚ್ಚಿ ಝಾಡಿಸಿ ತೋರಿಸಬೇಕು. ಅವರಾರಿಗೂ ಓದು ಬರುತ್ತಿರಲಿಲ್ಲ. ನಾನೇ ಓದಿ ಹೇಳಿದೆ, ದೊಡ್ಡ ದನಿಯಲ್ಲಿ.

ಮೂರನೆಯ ದಿನ ಹದಿನೇಳನೆಯ ನಂಬರಿನಾಕೆ ಗೇಟಿಗೆ ಬಂದಳು. ಬಸುರಿ. ಉಡಿ ತುಂಬಿ ಬಿಗಿದಿತ್ತು, ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಬಿಚ್ಚು" ಅಂದೆ.

ಹಿಂದೆ ನಿಂತಿದ್ದ ಟಿಕೋಟಾದ ನೀಲವ್ವ, ಎಲ್ಲರಿಗಿಂತ ಹಿರಿಯಾಕೆ, ಮುಂದೆ ಬಂದಳು. "ಸಾಹೇಬ್ರ, ಮಧ್ಯಾಹ್ನ ಉಣ್ಣೂ ಹೊತ್ತಿನ್ಯಾಗ ಈ ಗೌರವ್ವಗ ನಾವ ಉಡಿ ತುಂಬೇವ್ರಿ. ಗುಡಿಸಲಿಗಿ ಹೋಗಿ ದೇವರ ಮುಂದ ಬಿಚ್ಚಬೇಕ್ರಿ. ಹಾದ್ಯಾಗ ಬಿಚ್ಚಬಾರದು."

"ನಿಯಮ ಅಂದ್ರ ಎಲ್ಲಾರಿಗೂ ಒಂದ."

"ನಿಮ್ಮ ನಿಯಮಾನ ಯಾವ ತಾಯಿ ಹಡದಾಳ್ರೀ?"

ಸಾಲಿನ ತುಂಬ ನಗು. ಆ ನಗುವೇ ನನಗೆ ತಡೆಯದಾಯಿತು. ಅಲ್ಲಿಯವರೆಗೆ ಬಿಟ್ಟುಬಿಡೋಣ ಅಂತ ಮನಸ್ಸಿನಲ್ಲಿ ಇತ್ತು ಅಂದರೆ ನಂಬುತ್ತೀರಾ? ನಂಬಬೇಡಿ, ಅದು ಆಮೇಲೆ ನಾನು ಸೇರಿಸಿಕೊಂಡದ್ದೂ ಇರಬಹುದು.

"ಬಿಚ್ಚದಿದ್ರ ನಾಳಿಂದ ಒಬ್ಬರಿಗೂ ಕೆಲಸಿಲ್ಲ" ಅಂದೆ.

"ಬ್ಯಾಡ ಬೇ ಯಕ್ಕಾ, ಸುಮ್ಕಿರು" ಅಂದಳು ಗೌರವ್ವ. ಕೈ ಬಿಟ್ಟಳು. ಅಕ್ಕಿ ಧೂಳಿನಲ್ಲಿ ಸುರಿಯಿತು. ಅಡಿಕೆ, ಉತ್ತತ್ತಿ, ಅರಿಶಿಣದ ಬೇರು, ಕುಪ್ಪಸಕ್ಕೆಂದು ಮಡಚಿದ ಒಂದು ಹಸಿರು ಖಣ. ಒಂದು ಕೊಬ್ಬರಿ ಬಟ್ಟಲು ಉರುಳಿ ಬಂದು ನನ್ನ ಬೂಟಿಗೆ ತಾಗಿ ನಿಂತಿತು. ಹತ್ತಿ ಒಂದು ಎಳೆಯೂ ಇರಲಿಲ್ಲ. ನಾನು ಬಗ್ಗಿ ಆ ಬಟ್ಟಲನ್ನಾದರೂ ಎತ್ತಿಕೊಡಬೇಕಿತ್ತು.

"ಮುಂದಿನಾಕಿ" ಅಂದೆ.

ಯಾರೂ ನಗಲಿಲ್ಲ.

ಮರುದಿನ ಆಕೆ ಬರಲಿಲ್ಲ; ಬಬಲೇಶ್ವರದ ತವರಿಗೆ ಹೋಗಿದ್ದಳು. ತೂಕ ಹಾಕುವ ಸಿದ್ರಾಮಪ್ಪ ತಕ್ಕಡಿ ಒರೆಸುತ್ತ ನನ್ನ ಮುಖ ನೋಡದೆ ಹೇಳಿದ: "ಮುಂಜಾನಿ ತೂಗೂ ಹತ್ತ್ಯಾಗ ಇಬ್ಬನಿ ಇರತೈತ್ರಿ. ಬಿಸಲಿಗಿ ಆರಿ ತೂಕ ಇಳಿತೈತಿ. ಕೇಳಿದ್ರ ಹೇಳತಿದ್ನಿ." ಆಮೇಲೆ ದನಿ ತಗ್ಗಿಸಿ, "ಆಕಿ ಹೊಟ್ಟ್ಯಾಗಿಂದು ಎರಡು ಸಲ ಉಳಿದಿಲ್ರಿ. ಅದಕ್ಕ ಅವರಿಗೆಲ್ಲಾ ಅಷ್ಟು ಕಾಳಜಿ" ಅಂದ.

ವಾರ ಒದ್ದಾಡಿದೆ. ಕೊನೆಗೆ ಗಾಂಧಿ ಚೌಕದಲ್ಲಿ ಒಳ್ಳೆಯ ಅಕ್ಕಿ, ಎರಡು ಕೊಬ್ಬರಿ ಬಟ್ಟಲು, ಅಂಥದೇ ಒಂದು ಹಸಿರು ಖಣ ಕೊಂಡು ಚೀಲದಲ್ಲಿ ಹಾಕಿಕೊಂಡು ಬಬಲೇಶ್ವರದ ಬಸ್ಸು ಹತ್ತಿದೆ. ಆಕೆಯ ತಾಯಿ ಕಂಬಳಿ ಹಾಸಿ, ತಂಬಿಗೆಯಲ್ಲಿ ನೀರು ಕೊಟ್ಟು, "ಬಿಸಲಾಗ ಬಂದೀರಿ, ಕೂಡ್ರಿ ಸಾಹೇಬ್ರ" ಅಂದಳು. ಬೈದಿದ್ದರೆ ಚೆನ್ನಾಗಿತ್ತು. "ತಪ್ಪಾತು" ಅಂತ ಚೀಲ ಮುಂದಿಟ್ಟೆ.

ಗೌರವ್ವ ಬಾಗಿಲಲ್ಲಿ ನಿಂತು ಚೀಲ ನೋಡಿದಳು. "ಇದನ್ನ ಯಾರ ಕೈಲೆ ತುಂಬಸ್ತೀರ್ರಿ? ಗಂಡಸರು ಉಡಿ ತುಂಬಾಕ ಬರತೈತೇನು? ಮನಿಯಾಕೀನ ಕರಕೊಂಡು ಬರಬೇಕಿತ್ರಿ."

"ಆಕಿಗಿ ಹೇಳಿಲ್ಲ."

"ಹೇಳ್ರಿ. ಹೇಳಿ ಕರಕೊಂಡು ಬರ್ರಿ. ನಾ ಇಲ್ಲೇ ಇರತೇನಿ."

ಮರಳುವ ದಾರಿಯುದ್ದಕ್ಕೂ ಚೀಲ ತೊಡೆಯ ಮೇಲೆ ಕೂತಿತ್ತು. ಮನೆಗೆ ಬಂದರೆ ಹೆಂಡತಿ ಚೀಲದ ಬಾಯಿ ಬಿಚ್ಚಿ ನೋಡಿ, "ಛಲೋ ಕೊಬ್ಬರಿ ತಂದೀರಿ!" ಅಂತ ಹಿಗ್ಗಿದಳು. ಅಂದು ಅದನ್ನೇ ತುರಿದು ಪಾಯಸ ಮಾಡಿದಳು. ನಾನೂ ಉಂಡೆ. ಎರಡನೆಯ ಸಲವೂ ಹಾಕಿಸಿಕೊಂಡೆ. ಆ ಖಣವನ್ನೂ ಆಕೆ ಹೊಲಿಸಿಕೊಂಡು ತೊಟ್ಟಳು.

ಮುಂದಿನ ಸುಗ್ಗಿಗೆ ನೀಲವ್ವ, "ಗೌರವ್ವ ಹೆಣ್ಣು ಹಡದಾಳ, ಗಟ್ಟಿಮುಟ್ಟ ಐತಿ" ಅಂದಳು. ಅಬ್ಬಾ ಅಂತ ಉಸಿರುಬಿಟ್ಟೆ. ಕೂಸು ಉಳಿಯಿತಲ್ಲ, ಹೆಂಡತಿಗೆ ಇನ್ನೇನು ಹೇಳುವುದು ಅಂತ ಅದನ್ನೇ ನೆಪ ಮಾಡಿಕೊಂಡೆ. ಗೇಟಿನ ಕಾಗದ ಕಿತ್ತು ಹಾಕಿದೆನಾದರೂ, ಯಾಕೆ ಕಿತ್ತೆ ಅಂತ ಅದನ್ನು ಓದಿ ಹೇಳಿದ ದನಿಯಲ್ಲಿ ಹೇಳಲಿಲ್ಲ. ಗೌರವ್ವ ಮತ್ತೆ ಜಿನ್ನಿಗೆ ಬರಲಿಲ್ಲ.

ಮೊಮ್ಮಗಳ ಏಳನೆಯ ಪುಟದ ಅಂಚಿನಲ್ಲಿ, ಒಂದು ಉದಾಹರಣೆ ಇರಲಿ ಅಂತ, "ಹಿಂದೆ ಒಬ್ಬ ಮ್ಯಾನೇಜರ" ಎಂದು ಬರೆಯತೊಡಗಿದೆ. ಎರಡು ಸಾಲು ಆದ ಮೇಲೆ ಅದನ್ನು ಹೊಡೆದುಹಾಕಿ "ನಾನು" ಅಂತ ಬರೆದೆ. ಆಮೇಲೆ ಪೆನ್ನು ಮುಚ್ಚಿ ಹೆಂಡತಿಯನ್ನು ಕರೆದೆ. ಕಾಳು ಹಸನು ಮಾಡುತ್ತಿದ್ದ ಮೊರದ ಸಮೇತ ಬಂದು ಕೂತಳು. ಎಲ್ಲ ಹೇಳಿದೆ, ಪಾಯಸವನ್ನೂ ಬಿಡಲಿಲ್ಲ.

ಆಕೆ ಮೊರದೊಳಗಿನ ಒಂದು ಕಲ್ಲು ಆರಿಸಿ ಬದಿಗಿಟ್ಟಳು. "ಆ ಹಸರ ಖಣ" ಅಂದಳು. ಆಮೇಲೆ ಮೊರ ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಎದ್ದಳು.

"ಆಕಿ ಇದ್ರ ಆಕಿಗಿ, ಇರದಿದ್ರ ಆಕಿ ಮಗಳಿಗಿ ಉಡಿ ತುಂಬೂಣು. ಬಬಲೇಶ್ವರದ ಬಸ್ಸು ಎಷ್ಟಕ್ಕ ಐತಿ, ಕೇಳ್ರಿ."