ನಿಂಬೆಹಣ್ಣೂ ಸಾಹೇಬನ ಸೊಟ್ಟ ಕೋಲೂ

ಮನುಷ್ಯನ ಬಲ ಎಲ್ಲಿರುತ್ತದೆ ಎಂದು ಯಾರಾದರೂ ಕೇಳಿದರೆ, ಸೊಂಟದಲ್ಲಿ ಎಂದು ನಾನು ಎದೆ ತಟ್ಟಿ ಹೇಳುತ್ತೇನೆ. ನನ್ನ ತೋಳು ನೋಡಿದವರು ನಗುತ್ತಾರೆ. ನಗಲಿ ಬಿಡಿ. ಕಲಬುರ್ಗಿಯ ತಹಸೀಲ್ ಕಚೇರಿಯಲ್ಲಿ ದಿನವಿಡೀ ಉರ್ದು ಅರ್ಜಿ ನಕಲು ಮಾಡುವವನ ತೋಳು ಹೇಗಿರಬೇಕೋ ಹಾಗೇ ಇದೆ. ಆದರೆ ಎಸೆತ, ಹೊಡೆತಗಳ ಬಗ್ಗೆ ನನ್ನಷ್ಟು ತಲೆ ಕೆಡಿಸಿಕೊಂಡವನು ನಿಜಾಮರ ಇಡೀ ಸೀಮೆಯಲ್ಲಿ ಇನ್ನೊಬ್ಬನಿಲ್ಲ.

ಈ ವಿದ್ಯೆಯಲ್ಲಿ ನನ್ನ ಗುರು ಒಬ್ಬ ರೈಲ್ವೆ ಸಾಹೇಬ. ನಾನು ಶಿಷ್ಯನೆಂಬುದು ಆತನಿಗೆ ಗೊತ್ತಿರಲಿಲ್ಲ, ಅಷ್ಟೆ. ಸಂಜೆಯಾದರೆ ಸ್ಟೇಷನ್ನಿನ ಹಿಂದಿನ ಬಯಲಿಗೆ ಬಂದು, ತುದಿ ಸೊಟ್ಟಗಿದ್ದ ಕೋಲಿನಿಂದ ಬಿಳಿ ಚೆಂಡೊಂದನ್ನು ಹೊಡೆಯುತ್ತಿದ್ದ. ಅದಕ್ಕೆ ಗಾಲ್ಫ್ ಅನ್ನುತ್ತಾರೆಂದು ಅವನ ಬಟ್ಲರ್ ಹೇಳಿದ. ಎದುರಾಳಿಯಿಲ್ಲ, ಓಟವಿಲ್ಲ, ಒಂದು ಜಗಳ ಕೂಡ ಇಲ್ಲ. ಪಾಪ, ಇದೆಂಥ ಆಟ ಎಂದುಕೊಂಡೆ. ಸಾಹೇಬನಿಗೆ ವಯಸ್ಸಾಗಿತ್ತು, ಹೊಟ್ಟೆಯೂ ಬಂದಿತ್ತು. ಆದರೂ ಚೆಂಡು ಜಾಲಿಗಿಡಗಳನ್ನು ದಾಟಿ ಬೀಳುತ್ತಿತ್ತು. ಪಾದಗಳನ್ನು ಊರಿ, ಕಣ್ಣನ್ನು ನೆಲದ ಚೆಂಡಿನಲ್ಲಿ ನೆಟ್ಟು, ಹಗ್ಗ ಹೊಸೆದಂತೆ ಮೈ ತಿರುಚುತ್ತಿದ್ದ. ಬಿಚ್ಚುವಾಗ ಮೊದಲು ಸೊಂಟ, ಆಮೇಲೆ ಹೆಗಲು, ಎಲ್ಲಕ್ಕಿಂತ ಕೊನೆಗೆ ಕೈ. ಇದನ್ನು ಕಂಡುಹಿಡಿದ ಮೇಲೆ ಕಚೇರಿಯಲ್ಲಿ ಯಾರನ್ನೂ ನಾನು ಸುಮ್ಮನೆ ಕೂರಗೊಡಲಿಲ್ಲ.

ಮದುವೆಯಾದ ಮೇಲೆ ಬಂದ ಮೊದಲ ನಾಗರಪಂಚಮಿ ಅದು. ನನ್ನ ಹೆಂಡತಿ ನಾಗಮ್ಮನನ್ನು ಅವಳ ತಮ್ಮ ಶರಣಪ್ಪ ಬಂದು ತವರೂರು ಕಮಲಾಪುರಕ್ಕೆ ಕರೆದೊಯ್ದಿದ್ದ. ಅವಳಿಲ್ಲದೆ ಮನೆ ಬಣಗುಟ್ಟುತ್ತಿತ್ತು. ಕರೆತರಲು ನಾನು ಹಬ್ಬ ಮುಗಿಯುವ ಮೊದಲೇ ಹೋಗಿಬಿಟ್ಟೆ.

ಪಂಚಮಿಗೆ ಹೆಂಗಸರು ಜೋಕಾಲಿ ಆಡಿದರೆ, ಗಂಡಸರಿಗೆ ನಿಂಬೆಹಣ್ಣು ಎಸೆಯುವ ಹುಚ್ಚು. ಎಸೆದ ಹಣ್ಣು ಬಿದ್ದಲ್ಲಿ ನಿಂತು ಮತ್ತೆ ಎಸೆಯಬೇಕು. ಗೊತ್ತುಮಾಡಿದಷ್ಟು ಎಸೆತಗಳಲ್ಲಿ ಗುರಿ ಮುಟ್ಟಬೇಕು. ರಾತ್ರಿ ಊಟಕ್ಕೆ ಕೂತಾಗ ಈ ಮಾತು ಬಂತು. ನಾನು ಸಾಹೇಬನ ಸೊಂಟವನ್ನು ಸವಿಸ್ತಾರವಾಗಿ ವರ್ಣಿಸಿದೆ. ತೊಗರಿ ಚೀಲವನ್ನು ಒಂದೇ ಏಟಿಗೆ ಹೆಗಲಿಗೇರಿಸುವ ಶರಣಪ್ಪ ತಾಳ್ಮೆಯಿಂದ ಕೇಳಿದ.

“ಬಾಯಿಲೆ ಭಾಳ ದೂರ ಒಗದ್ರಿ ಮಾಮಾ,” ಅಂದ. “ನಾಳಿ ಕೈಲೆ ಒಗೀರಿ. ಅಗಸಿಯಿಂದ ಹಣಮಪ್ಪನ ಗುಡಿತನ, ಐದು ಸಲ. ಮುಟ್ಟಿದ್ರ ಅಕ್ಕನ್ನ ಕರ್ಕೊಂಡ್ ಹೋಗ್ರಿ. ಇಲ್ಲಂದ್ರ ದಸರಾತನ ಆಕಿ ಇಲ್ಲೇ ಇರ್ತಾಳ.”

ಹೂಂ ಅಂದುಬಿಟ್ಟೆ. ಸೋಲುವ ಸಂಭವ ನನಗೆ ಕಾಣಲೇ ಇಲ್ಲ.

ಮರುದಿನ ಊರಬಾಗಿಲಾದ ಅಗಸಿಯ ಮುಂದೆ ಅರ್ಧ ಊರು ಸೇರಿತ್ತು. ನಾನು ಸಾಹೇಬನಂತೆಯೇ ಪಾದ ಊರಿ, ನೆಲವನ್ನೇ ದಿಟ್ಟಿಸಿ, ಮೈ ತಿರುಚಿ ಎಸೆದೆ. ಹಣ್ಣು ಪಕ್ಕದ ತಿಪ್ಪೆಗೆ ಬಿತ್ತು. ಬಿದ್ದಲ್ಲಿಂದಲೇ ಎಸೆಯಬೇಕಲ್ಲ, ಹೊಸ ಧೋತರ ಎತ್ತಿಕೊಂಡು ತಿಪ್ಪೆ ಏರಿದೆ. ಎರಡನೆಯದು ಹಾದಿಗೆ ಬಂತು. ಮೂರನೆಯದನ್ನು ಸಿಟ್ಟಿನಿಂದ ಬರೀ ಕೈಬಲದಲ್ಲಿ ಬೀಸಿದೆ. ರಟ್ಟೆ ನೊಂದಿತು, ಹಣ್ಣು ಮಾತ್ರ ದೂರ ಹೋಗಲಿಲ್ಲ. ಗುಡಿ ಇನ್ನೂ ಎಲ್ಲೋ ಇತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ದಸರೆಯವರೆಗೆ ಆ ಖಾಲಿ ಮನೆ ಕಣ್ಣಮುಂದೆ ಬಂತು.

ಹಾದಿಯ ಬೇವಿನಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ನಾಗಮ್ಮ ಕೂತು ಜೀಕುತ್ತಿದ್ದಳು. ಗಂಡನ ಪಾಡು ಕಂಡು ಪಾದಗಳನ್ನು ನೆಲಕ್ಕೆ ಊರಿ ಗಕ್ಕನೆ ನಿಂತಳು. ಅವಳು ನಿಂತಳು, ಮಡಿಲಲ್ಲಿದ್ದ, ಹಬ್ಬಕ್ಕೆ ಹುರಿದ ಜೋಳದ ಅಳ್ಳು ನಿಲ್ಲಲಿಲ್ಲ. ಮುಂದಿದ್ದ ಗೆಳತಿಯರ ಮೇಲೆಲ್ಲ ಚೆಲ್ಲಿತು. ಅವರು ನಕ್ಕರು. ನನಗೆ ಶಾಸ್ತ್ರದ ಉಳಿದರ್ಧ ಸಿಕ್ಕಿತು.

ಸಾಹೇಬನ ಚೆಂಡು ನೆಲದ ಮೇಲೆ ಕಾದು ಕೂತಿರುತ್ತದೆ; ಆತ ನಿಂತಲ್ಲೇ ತಿರುಗಿದರೆ ಸಾಕು, ಉಳಿದದ್ದನ್ನು ಕೋಲು ನೋಡಿಕೊಳ್ಳುತ್ತದೆ. ನನ್ನ ಹಣ್ಣು ನನ್ನ ಕೈಯಲ್ಲೇ ಇದೆ. ನಾನೇ ಓಡಿಬಂದು ವೇಗ ತರಬೇಕು, ಆಮೇಲೆ ಮುಂಗಾಲೂರಿ ಗಕ್ಕನೆ ನಿಲ್ಲಬೇಕು. ಕಾಲು ನಿಂತರೆ ಆ ವೇಗ ಸೊಂಟಕ್ಕೆ ಏರುತ್ತದೆ, ಸೊಂಟ ನಿಂತರೆ ಹೆಗಲಿಗೆ, ಹೆಗಲು ನಿಂತರೆ ಕೈಗೆ. ಸೊಂಟ ಮೊದಲು, ಕೈ ಕೊನೆಗೆ ಎಂಬುದು ಇಬ್ಬರಿಗೂ ಒಂದೇ. ನಾನು ಸಾಹೇಬನಿಂದ ಕಲಿತದ್ದು ತಿರುಗುವುದನ್ನು, ನಿಲ್ಲುವುದನ್ನು ಕಲಿತಿರಲಿಲ್ಲ.

ಓಡಿದೆ, ನಿಂತೆ, ಬಿಟ್ಟೆ. ಹಣ್ಣು ಶರಣಪ್ಪನ ತಲೆಯ ಮೇಲಿಂದ ಹಾರಿ ಬಾವಿ ದಾಟಿತು. ಕೊನೆಯದು ಗುಡಿಯ ಕಟ್ಟೆಗೆ ಬಡಿದು ಒಡೆಯಿತು. ಶರಣಪ್ಪನೇ ಬಂದು ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ.

ಮರುದಿನ ಬೆಳಿಗ್ಗೆ ಬಂಡಿ ಕಟ್ಟಿಸಿ ಹೊರಟೆವು. ನನ್ನ ಬಾಯಿ ಊರ ಅಗಸಿಯಿಂದಲೇ ಶುರುವಾಗಿತ್ತು. ಬೇವಿನಮರದ ಹತ್ತಿರ ಬಂದಾಗ ಗೆಳತಿಯರು ಇನ್ನೂ ಜೀಕುತ್ತಿದ್ದರು. ನಾಗಮ್ಮ ಅತ್ತ ಕತ್ತು ಹೊರಳಿಸಿ ನೋಡಿದಳು. ನೋಡುತ್ತಲೇ ಇದ್ದಳು.

“ಗೆದ್ದದ್ದು ಛಲೋ ಆತ್ರಿ,” ಅಂದಳು ಮೆಲ್ಲಗೆ. “ಆದ್ರ ನನ್ನ ಪಂದ್ಯಾಕ ಇಡೂ ಮುಂದ ನನ್ನೇ ಒಂದು ಮಾತು ಕೇಳಿದ್ರ, ಸೋಲ್ರಿ ಅಂತಿದ್ದೆ. ಅವ್ವನ ಕೂಡ ಇನ್ನೊಂದೀಟ ದಿನ ಇರಬೇಕಂತ ಭಾಳ ಆಸೆ ಇತ್ತು.”

ಅಗಸಿಯಿಂದ ಅದುವರೆಗೆ ನಿಲ್ಲದೆ ಓಡಿದ್ದ ನನ್ನ ಮಾತು ಗಕ್ಕನೆ ನಿಂತಿತು. ಬಂಡಿಯವನಿಗೂ ನಿಲ್ಲಿಸು ಅಂದೆ. ನಾಗಮ್ಮ ನನ್ನ ಮುಖ ನೋಡಿದಳು, ಮರುಕ್ಷಣ ಇಳಿದು ಜೋಕಾಲಿಯ ಕಡೆ ಓಡಿದಳು. ನಾನೊಬ್ಬನೇ ಕಲಬುರ್ಗಿಯ ಹಾದಿ ಹಿಡಿದೆ.

ಆ ಪಂದ್ಯವನ್ನು ನಾನು ಸೋತೆನೆಂದು ಶರಣಪ್ಪ ಇವತ್ತಿಗೂ ಊರೆಲ್ಲ ಹೇಳುತ್ತಾನೆ; ಅಕ್ಕ ದಸರೆಯವರೆಗೆ ಕಮಲಾಪುರದಲ್ಲೇ ಇದ್ದಳಲ್ಲ, ಅದೇ ಅವನ ಸಾಕ್ಷಿ. ನಾಗಮ್ಮ ಮಾತ್ರ ನಮ್ಮ ಯಜಮಾನರೇ ಗೆದ್ದರು ಅನ್ನುತ್ತಾಳೆ. ಎಸೆತದ ಶಾಸ್ತ್ರ ಬಲ್ಲವನು ನಾನು. ಅವಳ ಮಾತೇ ಸರಿ.