ಅಕ್ಕವ್ವನ ಶಾವಿಗೆ ಹಾರಿದ ಸಂಜೆ

ಹಾವೇರಿ ಕಡೆಯಿಂದ ಸೊಸೆಯಾಗಿ ಬಂದ ಅಕ್ಕವ್ವ ಚಂದ್ರಾ ಲೇಔಟಿನಲ್ಲೇ ಮುದುಕಿಯಾದಳು. ಆದರೂ ಅವಳ ಬೇಸಿಗೆ ಮಾತ್ರ ತವರಿನದೇ. ಯುಗಾದಿ ಕಳೆದದ್ದೇ ತಾರಸಿಯ ಮೇಲೆ, ತಗಡಿನ ಚಪ್ಪರದ ಕೆಳಗೆ, ಕೈಯಿಂದ ತಿರುಗಿಸುವ ಶಾವಿಗೆ ಯಂತ್ರ ಹೂಡುತ್ತಾಳೆ. ಎಳೆಗಳನ್ನು ಬಿದಿರಿನ ಗಳದ ಮೇಲೆ ಒಣಹಾಕುತ್ತಾಳೆ. ಪಕ್ಕದಲ್ಲೇ ಸೀರೆಯ ಜೋಲಿ ಕಟ್ಟಿ, ಕೆಳಮನೆಯ ವಚನಾಳ ಕೂಸು ಧ್ರುವನನ್ನು ಮಲಗಿಸುತ್ತಾಳೆ. ಯಂತ್ರದ ಗರಗರ ಕೇಳುತ್ತಿದ್ದರೇನೇ ಅವನಿಗೆ ನಿದ್ದೆ, ನಿಂತರೆ ಎಚ್ಚರ.

ಅಂದು ಬೆಳಿಗ್ಗೆ ಕೆಲಸಕ್ಕೆ ಹೊರಟ ವಚನಾ ಗೇಟಿನಿಂದ ಮತ್ತೆ ಹಿಂದಿರುಗಿ ಬಂದಿದ್ದಳು.

"ಅಕ್ಕವ್ವ, ಮೋಡ ಆದ್ರೆ ಇವನನ್ನ ಕೆಳಗೆ ಕರ್ಕೊಂಡು ಬಂದ್ಬಿಡಿ. ಆ ತಗಡು ನೋಡಿದ್ರೇ ನಂಗೆ ಭಯ."

"ನಿನಗ ಮೋಡ ಕಂಡ್ರೂ ಭಯ, ಬಿಸಲು ಕಂಡ್ರೂ ಭಯ. ಬಸ್ಸು ಹೋಗತೈತಿ, ನಡಿಯವ್ವ."

ಸಂಜೆ ವಚನಾ ಮನೆಗೆ ಮರಳುತ್ತಿದ್ದ ಬಸ್ಸು ಕಾಮಾಕ್ಷಿಪಾಳ್ಯದಲ್ಲಿ ನಿಂತುಬಿಟ್ಟಿತು. ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿ, ಗಾಳಿ ಬೀದಿಯನ್ನೇ ಎತ್ತಿ ಒದರುವಂತೆ ಬೀಸಿತು. ಹಿಂದೆಯೇ ಸಿಡಿಲು, ಆಲಿಕಲ್ಲು. ಅಕ್ಕವ್ವನ ಫೋನ್ ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಮಳೆ ಸಣ್ಣಗಾದದ್ದೇ ವಚನಾ ಇಳಿದು ನಡೆದಳು.

ದಾರಿಯುದ್ದಕ್ಕೂ ಮುರಿದ ಕೊಂಬೆಗಳು, ಕರೆಂಟಿಲ್ಲದ ಮನೆಗಳು. ನೀರಿನ ತಳದಲ್ಲಿ ಮಲಗಿದ ಊರಿನೊಳಗೆ ನಡೆದಂತೆ ಅನಿಸುತ್ತಿತ್ತು. ತಮ್ಮ ಬೀದಿಗೆ ತಿರುಗಿದಾಗ ಮರದ ತುಂಬ ಬಿಳಿಯ ಎಳೆಗಳು ತೂಗುತ್ತಿದ್ದವು. ವೈರಿನ ಮೇಲೆ, ಕಾರಿನ ಗಾಜಿನ ಮೇಲೆ, ಉದುರಿದ ಹೊಂಗೆ ಹೂಗಳ ನಡುವೆಯೂ ಅವೇ. ಮೇಲೆ ಯಾರೋ ನರೆತ ತಲೆ ಬಾಚಿಕೊಂಡು ಹೋಗಿದ್ದಾರೇನೋ ಎಂದುಕೊಂಡು ಮುಟ್ಟಿ ನೋಡಿದಳು. ಶಾವಿಗೆ.

ಗೇಟಿನ ಬಳಿ ಚಪ್ಪರದ ತಗಡು ಮಡಿಚಿಕೊಂಡು ಬಿದ್ದಿತ್ತು. ಅವಳು ಬಗ್ಗಿ ಅದರಡಿ ಇಣುಕಿದಳು. ಆಗ ಕೇಳಿಸಿತು, ಮೆಟ್ಟಿಲ ಕೆಳಗಿನ ಕತ್ತಲಿನಿಂದ, ಗರಗರ.

ಅಕ್ಕವ್ವ ಒದ್ದೆ ಕೂದಲಿನಲ್ಲೇ ಅಲ್ಲಿ ಕೂತು, ಹಿಟ್ಟಿಲ್ಲದ ಯಂತ್ರವನ್ನು ತಿರುಗಿಸುತ್ತಿದ್ದಳು. ತೊಡೆಯ ಮೇಲೆ ಧ್ರುವ, ಬಾಯಿ ತೆರೆದುಕೊಂಡು ನಿದ್ದೆ.

"ಕೂಸನ್ನೂ ಇದನ್ನೂ ಎತ್ಕೊಂಡು ಇಳದೆ. ಶಾವಿಗಿಗೆ ಮೂರನೇ ಕೈ ಬೇಕಿತ್ತು, ನನ್ನ ಹಂತ್ಯಾಕ ಇರಲಿಲ್ಲ."

"ಫೋನ್ ಯಾಕೆ ಎತ್ತಲಿಲ್ಲ?" ವಚನಾ ಕೇಳಿದಳು.

"ಒಂದು ಕೈ ಕೂಸಿನ ಮ್ಯಾಲೆ. ಇನ್ನೊಂದು ನಿಂತ್ರ ಇಂವ ಏಳತಾನಲ್ಲವ್ವ."

ಅಂಜಿದವರ ಹಣೆಗೆ ವಿಭೂತಿ ಹಚ್ಚುವುದು ಅಕ್ಕವ್ವನ ರೂಢಿ. ಅವಳು ಸೊಂಟದ ಚೀಲಕ್ಕೆ ಕೈ ಹಾಕಿದಾಗ ವಚನಾ ಮಗನ ಹಣೆಯ ಮೇಲಿನ ಕೂದಲು ಸರಿಸಿದಳು.

"ಅಂವಗಲ್ಲ. ನೀ ಬಾ ಈ ಕಡೆ."

ವಚನಾ ತಲೆ ಬಾಗಿಸಿದಳು. ಹಣೆಯ ಮೇಲೆ ತಣ್ಣನೆಯ ಬೆರಳು ಸರಿಯುತ್ತಿರುವಾಗ, ಅಕ್ಕವ್ವ ಬಿಟ್ಟ ಯಂತ್ರದ ಹಿಡಿಯನ್ನು ತಾನು ಹಿಡಿದು, ಶಬ್ದ ನಿಲ್ಲದಂತೆ ಮೆಲ್ಲಗೆ ತಿರುಗಿಸತೊಡಗಿದಳು.