ಕೆನ್ನೆಯೊಳಗಿನ ಛುರ್ಪಿ

ಅವರ ಎಡಗೆನ್ನೆ ಯಾವಾಗಲೂ ಉಬ್ಬಿರುತ್ತಿತ್ತು. ಮೊದಲ ಸಲ ನೋಡಿದಾಗ ಹಲ್ಲುನೋವಿರಬೇಕು ಎಂದುಕೊಂಡು, ಲವಂಗ ಇಟ್ಟುಕೊಳ್ಳಿ ಎಂದು ಸಲಹೆ ಬೇರೆ ಕೊಟ್ಟೆ. ಅವರು ನಗುತ್ತಾ ಬಾಯಿ ತೆರೆದು ತೋರಿಸಿದರು. ಒಳಗೆ ಹಳದಿಗೆ ತಿರುಗಿದ ಚೌಕ ತುಂಡೊಂದು ಸುಣ್ಣದ ಕಲ್ಲಿನ ಹಾಗೆ ಕೂತಿತ್ತು. ಅದೇ ಛುರ್ಪಿ. ಮಜ್ಜಿಗೆ ಕಾಯಿಸಿ ಒಡೆಸಿ, ಬಟ್ಟೆಯಲ್ಲಿ ಕಟ್ಟಿ ಕಲ್ಲು ಹೇರಿ, ಕತ್ತರಿಸಿ, ದಾರಕ್ಕೆ ಪೋಣಿಸಿ ಒಣಗಿಸುವ ಟಿಬೆಟ್ಟಿನವರ ಚೀಸು. ಕಚ್ಚಿದರೆ ಹಲ್ಲೇ ಹೋದೀತು. ಕೆನ್ನೆಯಲ್ಲಿಟ್ಟುಕೊಂಡು ಕಾಯಬೇಕು, ಅಷ್ಟೆ.

ಒಡೆಯರಪಾಳ್ಯದ ಶಾಲೆಗೆ ನನಗೆ ವರ್ಗವಾದಾಗ ಕೊಳ್ಳೇಗಾಲದ ಮನೆಯಲ್ಲಿ ಸಾವಾದ ಹಾಗೆ ಅತ್ತಿದ್ದೆ. ಹನೂರು ದಾಟಿ ಲೊಕ್ಕನಹಳ್ಳಿ ಕಳೆದ ಮೇಲೆ ರಸ್ತೆಯ ಎರಡೂ ಕಡೆ ಕಾಡು. ಸಂಜೆಯ ಬಸ್ಸು ಆನೆ ನಿಂತಿದೆ ಎಂದು ತಡವಾಗಿ ಬರುವುದು ಅಲ್ಲಿ ಮಾಮೂಲು. ನಾನಾದರೋ ಜಿರಲೆ ಕಂಡರೆ ಮಂಚ ಹತ್ತುವವಳು. ಶಾಲೆ ಬಿಟ್ಟ ಮೇಲೆ ಬಸ್ಸು ಕಾಯಲು ಪಕ್ಕದ ಟಿಬೆಟ್ ನಿರಾಶ್ರಿತರ ಕ್ಯಾಂಪಿನ ತಿರುವಿನಲ್ಲಿದ್ದ ಅವರ ಹೋಟೆಲಿನಲ್ಲಿ ಕೂರುತ್ತಿದ್ದೆ. ಎರಡು ಬೆಂಚು, ಒಂದು ಒಲೆ, ಗೋಡೆಗೆ ತೂಗುಬಿಟ್ಟ ಛುರ್ಪಿಯ ಸರಗಳು. ಕ್ಯಾಂಪಿನವರೆಲ್ಲ ಅವರನ್ನು ಅಮಾ-ಲಾ ಎನ್ನುತ್ತಿದ್ದರು. ಅಮ್ಮ ಎಂದರ್ಥವಂತೆ. ನಾನೂ ಹಾಗೇ ಕರೆದೆ.

ನಮ್ಮಿಬ್ಬರನ್ನು ಹತ್ತಿರ ತಂದದ್ದು ಹೆದರಿಕೆ. ಅಮಾ-ಲಾ ನನಗಿಂತ ದೊಡ್ಡ ಪುಕ್ಕಲು. ಗುಡುಗಿಗೆ ಹೆದರುತ್ತಿದ್ದರು, ಹಲ್ಲಿಗೆ ಹೆದರುತ್ತಿದ್ದರು, ಫೋನು ರಿಂಗಾದರೆ ಎದೆ ಹಿಡಿದುಕೊಳ್ಳುತ್ತಿದ್ದರು. ಆನೆಯ ಹೆಸರನ್ನಂತೂ ಬಾಯಿಬಿಟ್ಟು ಹೇಳುತ್ತಲೇ ಇರಲಿಲ್ಲ. ದೊಡ್ಡೋರು ಎನ್ನುತ್ತಿದ್ದರು. ಒಂದು ಸಂಜೆ ಬಸ್ಸು ಬಾರದೆ ಕತ್ತಲಾಗುತ್ತಾ ಬಂದು ನಾನು ಬೆಂಚಿಗೂ ಬಾಗಿಲಿಗೂ ಓಡಾಡುವಾಗ, ಸರದಿಂದ ಒಂದು ತುಂಡು ಕಿತ್ತು ಅಂಗೈಗೆ ಹಾಕಿದರು.

"ಬಾಯ್ಗಾಕೊ ಟೀಚರು. ಕಚ್ಬ್ಯಾಡ, ನುಂಗ್ಬ್ಯಾಡ. ಅದು ಕರಗಗಂಟ ಬಾಯಿ ತೆಗೀಬ್ಯಾಡ."

ಹನೂರು ಸೀಮೆಯ ಕನ್ನಡವನ್ನು ಅವರು ನಮ್ಮ ಮಕ್ಕಳಷ್ಟೇ ಚೆನ್ನಾಗಿ ಆಡುತ್ತಿದ್ದರು. ಅಂದು ಬಸ್ಸು ಬಂದು, ಲೊಕ್ಕನಹಳ್ಳಿ ದಾಟಿ, ಹನೂರಿನ ದೀಪಗಳು ಕಾಣಿಸುವ ಹೊತ್ತಿಗೆ ಬಾಯಿಯ ತುಂಡು ಮೆತ್ತಗಾಗಿ ಹೊಗೆಯ ವಾಸನೆಯ ಹುಳಿ ಹಾಲಾಗಿ ಇಳಿಯಿತು. ದಾರಿಯಲ್ಲಿ ಹೆದರಲು ಪುರಸೊತ್ತೇ ಆಗಲಿಲ್ಲ. ಆಮೇಲೆ ನನ್ನ ಪರ್ಸಿನಲ್ಲಿ ಛುರ್ಪಿ ಖಾಲಿಯಾದದ್ದಿಲ್ಲ.

ನನ್ನ ಗಂಡನಿಗೆ ಪಿಕ್‌ನಿಕ್ಕಿನ ಹುಚ್ಚು. ಭಾನುವಾರ ಬಂತೆಂದರೆ ಕಾರಿನ ಹಿಂದೆ ಚಾಪೆ ಹಾಕಿ ಹೊರಡುವವರು. ಅಮಾ-ಲಾ ಪರಿಚಯವಾದ ಮೇಲೆ ಬುತ್ತಿಯ ರುಚಿಯೇ ಬದಲಾಯಿತು. ಗುಂಡಾಲ್ ಕೆರೆ ಏರಿಯ ಮೇಲೆ ಕೂತು, ಅವರು ಕೊಟ್ಟ ಹಸಿ ಚೀಸನ್ನು ಹಸಿಮೆಣಸಿನಕಾಯಿ ಜೊತೆ ಹುರಿದದ್ದನ್ನು ರಾಗಿ ರೊಟ್ಟಿಗೆ ಹಚ್ಚಿ ತಿಂದದ್ದು ಈಗಲೂ ನಾಲಿಗೆಯಲ್ಲಿದೆ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋದಾಗ ಯಳಂದೂರು ದಾಟುವ ಮುಂಚೆ ಮಾಂಬಳ್ಳಿಯ ನನ್ನ ತವರಿನಲ್ಲಿ ನಿಂತು, ಹಸು ಈದಿದ್ದರೆ ಏಲಕ್ಕಿ ಬೆಲ್ಲ ಹಾಕಿದ ಗಿಣ್ಣು ಕಟ್ಟಿಸಿಕೊಳ್ಳುತ್ತಿದ್ದೆವು. ಅದರಲ್ಲಿ ಒಂದು ಡಬ್ಬಿ ಅಮಾ-ಲಾಗೆ. ಅವರು ಮೂಸಿ ನೋಡಿ, ಬೆರಳಲ್ಲಿ ಅಲುಗಾಡಿಸಿ ನೋಡಿ, ಇದೇನು ಇಷ್ಟು ಮೆತ್ತಗೆ, ಇದು ಬಾಯಲ್ಲಿ ನಿಲ್ಲುವುದೇ ಇಲ್ಲವಲ್ಲ ಎಂದು ಚಿಂತೆಯಿಂದ ಕೇಳಿ, ಡಬ್ಬಿ ಖಾಲಿ ಮಾಡುತ್ತಿದ್ದರು.

ಎಲ್ಲಿ ಕರೆದರೂ ಪಿಕ್‌ನಿಕ್ಕಿಗೆ ಮಾತ್ರ ಬರುತ್ತಿರಲಿಲ್ಲ. ಮನೆಯಿರುವಾಗ ಕಲ್ಲಿನ ಮೇಲೆ ಯಾಕೆ ಕೂರಬೇಕು ಎಂಬುದು ಅವರ ವಾದ. ಒಂದೇ ಸಲ ಬಂದರು, ಅದೂ ನನ್ನ ಎಂಟು ವರ್ಷದ ಮಗಳು ಸೆರಗು ಹಿಡಿದು ಎಳೆದಳೆಂದು. ಸೆರಗೆಂದರೆ ಅವರ ಉದ್ದನೆಯ ಅಂಗಿಯ ಮುಂದೆ ಕಟ್ಟುವ ಪಟ್ಟೆಪಟ್ಟೆ ಬಟ್ಟೆ. ಕ್ಯಾಂಪಿನ ಜೋಳದ ಹೊಲಗಳ ಅಂಚಿನಲ್ಲಿ ಒಂದು ಹಳ್ಳ, ಬಂಡೆ, ಹುಣಸೆಮರ. ಊರಿಗೆ ಕೂಗಳತೆಯ ಜಾಗ. ನಾವು ಮೂವರು, ಅತ್ತೆ, ಅಮಾ-ಲಾ. ಹೊರಡುವಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ಬಾಳೆಹಣ್ಣು ತಂದಿಲ್ಲ ತಾನೇ? ಇಲ್ಲ ಎಂದೆ. ನನಗೆ ಗೊತ್ತಿದ್ದಂತೆ ಇರಲಿಲ್ಲ.

ಆದರೆ ನಮ್ಮತ್ತೆ ಮುಳ್ಳೂರಿನವರು. ಬಾಳೆಯ ಸೀಮೆಯವರು. ಸಾವಿಗೆ, ಮದುವೆಗೆ, ಆಸ್ಪತ್ರೆಗೆ, ಎಲ್ಲಿಗೇ ಹೊರಡಲಿ, ಬಾಳೆಹಣ್ಣಿಲ್ಲದೆ ಹೊಸ್ತಿಲು ದಾಟಿದವರಲ್ಲ. ತಮ್ಮ ಹೊಲದ ಏಲಕ್ಕಿ ಬಾಳೆಯ ಅರ್ಧ ಗೊನೆಯನ್ನು ಚಾಪೆಯಲ್ಲಿ ಸುತ್ತಿ ಕಾರಿನ ಹಿಂದೆ ಇಟ್ಟಿದ್ದರು. ಅವರೇ ಚಾಪೆ ತೆಗೆದಾಗ ಹಣ್ಣು ಅಲ್ಲೇ ಉಳಿಯಿತು, ಡಿಕ್ಕಿಯ ಬಾಗಿಲೂ ತೆರೆದೇ ಇತ್ತು.

ಊಟ ಮುಗಿದಿತ್ತು. ಮಗಳು ನೀರಿನಲ್ಲಿ ಕಾಲಾಡಿಸುತ್ತಿದ್ದಳು. ಅಮಾ-ಲಾ ಇದ್ದಕ್ಕಿದ್ದಂತೆ ಅವಳ ಜಡೆ ಹಿಡಿದು ಹತ್ತಿರ ಎಳೆದುಕೊಂಡರು. ನಾನು ತಿರುಗಿದೆ. ಬಿದಿರ ಮೆಳೆಯಿಂದ ಹೊರಬಂದ ಆನೆ ಕಾರಿನ ಹತ್ತಿರ ನಿಂತಿತ್ತು. ಒಂಟಿ ಸಲಗ. ನಮಗೂ ಅದಕ್ಕೂ ನಡುವೆ ಹುಣಸೆಮರವೊಂದೇ ಅಡ್ಡ.

ನನ್ನ ಗಂಟಲಲ್ಲಿ ಕಿರುಚಾಟ ಎದ್ದು ನಿಂತಿತ್ತು. ಗಂಡ ಎದ್ದು ಓಡಲು ನೋಡಿದರು, ಅಮಾ-ಲಾ ಅವರ ಮಣಿಕಟ್ಟು ಹಿಡಿದು ಕೂರಿಸಿದರು. ಅದೇ ಕೈಯಲ್ಲಿ ಅಂಗಿಯೊಳಗಿನ ಚೀಲ ಬಿಚ್ಚಿ, ಒಬ್ಬೊಬ್ಬರ ಬಾಯಿಗೂ ತಾವೇ ಒಂದೊಂದು ತುಂಡು ತುರುಕಿದರು. ತುಟಿಯ ಮೇಲೆ ಬೆರಳು, ಅಷ್ಟೆ.

ಆನೆ ಬಾಳೆಗೊನೆ ಎಳೆದು ನೆಲಕ್ಕೆ ಹಾಕಿ ತಿನ್ನತೊಡಗಿತು. ಅದರ ಮೇಲೆ ನನ್ನ ಕಣ್ಣು ನಿಲ್ಲಲಿಲ್ಲ. ಮಗಳ ಗಂಟಲನ್ನೇ ನೋಡುತ್ತಿದ್ದೆ. ಅವಳು ಆ ಕಲ್ಲಿನಂಥದ್ದನ್ನು ನುಂಗಿಬಿಟ್ಟರೆ? ಕೆಮ್ಮಿದರೆ? ಕೆಮ್ಮಿದರೆ ಆನೆ, ನುಂಗಿದರೆ ಉಸಿರು. ಯಾವುದಕ್ಕೆ ಹೆದರಬೇಕೆಂದು ತಿಳಿಯದೆ ಎರಡಕ್ಕೂ ಹೆದರಿ ಬೆವತುಹೋದೆ. ಅವಳೋ ಅಮಾ-ಲಾ ಮುಖವನ್ನೇ ನೋಡುತ್ತಾ, ಅವರ ಹಾಗೆಯೇ ಎಡಗೆನ್ನೆ ಉಬ್ಬಿಸಿಕೊಂಡು ಕೂತಿದ್ದಳು. ಆನೆ ಒಮ್ಮೆ ಸೊಂಡಿಲೆತ್ತಿ ನಮ್ಮ ಕಡೆಯ ಗಾಳಿ ಹಿಡಿಯಿತು. ಯಾರ ಬಾಯಿಂದಲೂ ಉಸಿರು ಸಹ ಹೊರಬರಲಿಲ್ಲ. ಆಮೇಲೆ ಸಿಪ್ಪೆಯನ್ನೂ ಬಿಡದೆ ಮುಗಿಸಿ, ಕಾರಿನ ಹಿಂದಿನ ದೀಪವನ್ನು ಸುಮ್ಮನೆ ಒಮ್ಮೆ ಒತ್ತಿ ಪುಡಿ ಮಾಡಿ, ಜೋಳದ ಹೊಲದ ಕಡೆ ಹೋಯಿತು.

ಅದು ಹೋದ ಮೇಲೆ ಅಮಾ-ಲಾಗೆ ಏಳಲಾಗಲಿಲ್ಲ. ನಾವೆಲ್ಲ ಎತ್ತಿ ಕಾರಿನಲ್ಲಿ ಕೂರಿಸಬೇಕಾಯಿತು. ನಮ್ಮತ್ತೆಗೆ ಹಲ್ಲಿಲ್ಲ, ಛುರ್ಪಿ ಕರಗಿದೆಯೋ ಇಲ್ಲವೋ ಗೊತ್ತಾಗದೆ ಹನೂರಿನವರೆಗೂ ಬಾಯಿ ತೆರೆಯಲಿಲ್ಲ. ಅವರ ಜೀವಮಾನದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೊಂದೇ ದಿನ ಎಂದು ಗಂಡ ಇವತ್ತಿಗೂ ರೇಗಿಸುತ್ತಾರೆ.

ಮಾರನೆಯ ದಿನ ಹೋಟೆಲಿನಲ್ಲಿ ಅವರ ಪಕ್ಕ ಕೂತು, ನಿಮ್ಮ ಧೈರ್ಯದಿಂದ ನನ್ನ ಮಗಳು ಉಳಿದಳು ಎಂದೆ. ಅವರು ಅಲ್ಲ ಎಂಬಂತೆ ತಲೆಯಾಡಿಸಿದರು. ಕ್ಯಾಂಪು ಶುರುವಾದಾಗ ಇಲ್ಲೆಲ್ಲ ಕಾಡಂತೆ. ಬಟ್ಟೆಯ ಡೇರೆಗಳಲ್ಲಿ ವಾಸ. ಆನೆಗಳು ಡೇರೆ ಸವರಿಕೊಂಡೇ ಹೋಗುತ್ತಿದ್ದವಂತೆ. ಮಕ್ಕಳು ಅಳಬಾರದೆಂದು ಅವರಮ್ಮ ಕತ್ತಲಾಗುತ್ತಲೇ ಎಲ್ಲರ ಬಾಯಿಗೂ ಛುರ್ಪಿ ಇಡುತ್ತಿದ್ದರಂತೆ.

"ನಂಗೆ ಧೈರ್ಯ ಎಲ್ಲೈತೆ ಟೀಚರು. ಬಾಯಿ ಮುಚ್ಕಂಡು ಎದ್ರುಕೊಳೋದ ಕಲ್ತಿವ್ನಿ, ಅಷ್ಟೇಯ," ಎಂದರು.

ಆ ಮಾತನ್ನು ಎಷ್ಟು ಕಡೆ ಹೊತ್ತುಕೊಂಡು ತಿರುಗಿದ್ದೇನೋ ನನಗೇ ಲೆಕ್ಕವಿಲ್ಲ. ಮಗಳಿಗೆ ಡೆಂಗಿ ಜ್ವರ ಬಂದಾಗ, ಗಂಡನ ಬೈಕು ಕುಂತೂರಿನ ಹತ್ತಿರ ಕಬ್ಬಿನ ಟ್ರ್ಯಾಕ್ಟರಿಗೆ ತಗುಲಿದಾಗ, ಮೊದಲು ಪರ್ಸಿಗೆ ಕೈ ಹಾಕಿದ್ದೇನೆ. ಹೆದರಿಕೆ ಹೋಗಲಿಲ್ಲ. ಅದರ ಜೊತೆ ಕೂರುವುದು ಬಂತು.

ಹೋದ ವರ್ಷ ಅಮಾ-ಲಾರ ಹೊಟ್ಟೆಯಲ್ಲಿ ಗಡ್ಡೆಯಿದೆ ಎಂದರು ಡಾಕ್ಟರು. ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್. ಅವರ ತಂಗಿಯ ಮಗಳ ಜೊತೆ ನಾನೂ ರಜೆ ಹಾಕಿ ಹೋದೆ. ಬೆಳಿಗ್ಗೆ ಹಸಿರು ಗೌನು ತೊಡಿಸಿ ಗಾಲಿಮಂಚದ ಮೇಲೆ ಮಲಗಿಸಿದ್ದರು. ಅವರ ಎಡಗೆನ್ನೆ ಚಪ್ಪಟೆಯಾಗಿತ್ತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಹಾಗೆ ಕಂಡದ್ದು. ಬಾಯಲ್ಲಿ ಏನೂ ಇರಬಾರದೆಂದು ನರ್ಸು ಹೇಳಿದ್ದಳು. ಅವರ ಹಲ್ಲುಗಳು ಕಟಕಟ ಎನ್ನುತ್ತಿದ್ದವು.

ದಿಂಬಿನ ಕೆಳಗಿನಿಂದ ಚೀಲ ತೆಗೆದು ನನ್ನ ಕೈಗೆ ಒಂದು ತುಂಡು ಇಟ್ಟರು.

"ನಂಗೆ ಬ್ಯಾಡ ಅಂದ್ರು. ನನ್ ಬದ್ಲು ನೀನಿಟ್ಕೊ. ಕರಗಗಂಟ ಬಾಯಿ ತೆಗೀಬ್ಯಾಡ."

ಅವರ ಕಣ್ಣೆದುರೇ ಬಾಯಿಗಿಟ್ಟುಕೊಂಡೆ. ಕೆನ್ನೆ ಉಬ್ಬಿದ್ದನ್ನು ಬೆರಳಿಂದ ಮುಟ್ಟಿ ನೋಡಿದರು. ಆಸ್ಪತ್ರೆಯವರು ಮಂಚವನ್ನು ಒಳಗೆ ತಳ್ಳಿಕೊಂಡು ಹೋದರು.

ಹೊರಗಿನ ಕುರ್ಚಿಯಲ್ಲಿ ಕೂತೆ. ಬೇಗ ಕರಗದಿರಲಿ ಎಂದು ನಾಲಿಗೆಯನ್ನೂ ತಾಗಿಸಲಿಲ್ಲ. ಅದು ಇರುವವರೆಗೆ ಅವರೂ ಇರುತ್ತಾರೆ ಎಂಬಂಥ ಹುಚ್ಚು ಲೆಕ್ಕ ಮನಸ್ಸಿನಲ್ಲಿ. ತಂಗಿಯ ಮಗಳು ಜಪಮಾಲೆ ಎಣಿಸುತ್ತಿದ್ದಳು. ನಾವು ಅಂದುಕೊಂಡದ್ದಕ್ಕಿಂತ ಬಹಳ ಮುಂಚೆಯೇ ಬಾಗಿಲು ತೆರೆಯಿತು. ಡಾಕ್ಟರು ಮುಖಗವಸು ಇಳಿಸಿಕೊಂಡು ನಮ್ಮ ಕಡೆ ನಡೆದು ಬಂದರು. ಆಪರೇಷನ್ ನಡೆಯುವಾಗಲೇ ಅಮಾ-ಲಾ ಹೋದರು ಎಂದು ಅವರು ಹೇಳಿ ಮುಗಿಸಿದಾಗಲೂ ನನ್ನ ಬಾಯಲ್ಲಿ ಅದು ಇನ್ನೂ ಗಟ್ಟಿಯಾಗಿಯೇ ಇತ್ತು. ಹಾಗಾಗಿ ನಾನು ಕಿರುಚಲಿಲ್ಲ.